ಸ್ಕ್ರೂ ಕಾಣದ ಕ್ಲ್ಯಾಡಿಂಗ್ ಬಿಸಿಲಿಗೆ ಉಬ್ಬುವುದೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ ನಮ್ಮ ಮೂರು ಅಂತಸ್ತಿನ ವಾಣಿಜ್ಯ ಕಟ್ಟಡದ ಪಶ್ಚಿಮ ಗೋಡೆಗೆ, ಸ್ಕ್ರೂಗಳು ಹೊರಗೆ ಕಾಣದಂತೆ ಒಂದಕ್ಕೊಂದು ಸಿಕ್ಕಿಸಿ ಕೂರಿಸುವ ಅಲ್ಯೂಮಿನಿಯಂ ಪ್ಯಾನೆಲ್‌ಗಳ ಕ್ಲ್ಯಾಡಿಂಗ್, ಅಂದರೆ ಹೊರಹೊದಿಕೆ, ಹಾಕಿಸಿದ್ದೇವೆ. ಬೆಳಿಗ್ಗೆ ಗೋಡೆ ಸಮತಟ್ಟಾಗಿಯೇ ಇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಲ್ಲಿ ಉಬ್ಬುತಗ್ಗು ಕಾಣಿಸುತ್ತದೆ, ಆಗಾಗ ಟಪ್ ಎಂಬ ಸದ್ದೂ ಬರುತ್ತದೆ. ಒಳಗಿನ ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ದಯವಿಟ್ಟು ಬಿಗಿ ಮಾಡಿಸಬೇಡಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಸ್ಕ್ರೂಗಳು ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿರುವುದೇ ತೊಂದರೆಯ ಮೂಲವಾಗಿರುವ ಸಂಭವ ಹೆಚ್ಚು. ಇನ್ನೊಂದು ಸುತ್ತು ತಿರುಗಿಸಿದರೆ ಉಬ್ಬು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಬಗೆಯ ಪ್ಯಾನೆಲ್‌ನ ಒಂದು ಅಂಚು ಹಿಂದಿನ ಚೌಕಟ್ಟಿಗೆ ಒತ್ತಿ ಕೂರುವ ಪಟ್ಟಿಯಂತಿರುತ್ತದೆ, ಸ್ಕ್ರೂಗಳು ಬೀಳುವುದು ಅಲ್ಲಿ. ಅದರ ಪಕ್ಕಕ್ಕೆ ಬರುವ ಪ್ಯಾನೆಲ್‌ನ ಮಡಿಚಿದ ಅಂಚು ಆ ಪಟ್ಟಿಯ ಮೇಲೆ ಸಿಕ್ಕಿಕೊಂಡು, ಸ್ಕ್ರೂಗಳ ತಲೆಗಳನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಪಟ್ಟಿಯಲ್ಲಿರುವ ರಂಧ್ರಗಳನ್ನು ಗಮನಿಸಿದರೆ ಅವು ದುಂಡಗಿರುವುದಿಲ್ಲ, ಪ್ಯಾನೆಲ್‌ನ ಉದ್ದಕ್ಕೆ ಸಮಾನಾಂತರವಾಗಿ ಎಳೆದಂತೆ ಉದ್ದವಾಗಿರುತ್ತವೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸ್ಕ್ರೂವಿನ ಕೆಳಗೆ ಜಾರಿಕೊಂಡು ಸರಿಯಲು ಮಾಡಿಕೊಟ್ಟ ಜಾಗ ಅದು.

ಎಷ್ಟು ಹಿಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 0.023 ಮಿಲಿಮೀಟರ್ ಉದ್ದವಾಗುತ್ತದೆ. ಉಕ್ಕು ಅದರ ಅರ್ಧದಷ್ಟು, ಅಂದರೆ ಸುಮಾರು 0.012 ಮಿಲಿಮೀಟರ್. ಗಾಢ ಬಣ್ಣದ ಪ್ಯಾನೆಲ್ ಪಡುವಣ ಬಿಸಿಲಿನಲ್ಲಿ ಗಾಳಿಗಿಂತ ಬಹಳ ಹೆಚ್ಚು ಕಾಯುವುದರಿಂದ, ಮುಂಜಾವಿಗೂ ಮಧ್ಯಾಹ್ನಕ್ಕೂ ನಡುವೆ 50 ಡಿಗ್ರಿಯ ವ್ಯತ್ಯಾಸವನ್ನು ಇಟ್ಟುಕೊಂಡು ಲೆಕ್ಕ ಹಾಕುವುದು ಅತಿಯೇನಲ್ಲ. ಹಾಗಿದ್ದರೆ 6 ಮೀಟರ್ ಉದ್ದದ ಅಲ್ಯೂಮಿನಿಯಂ ಪ್ಯಾನೆಲ್ ದಿನವೂ ಸುಮಾರು 7 ಮಿಲಿಮೀಟರ್ ಹಿಗ್ಗಿ ಮತ್ತೆ ಕುಗ್ಗುತ್ತದೆ. ಸ್ಕ್ರೂಗಳು ಅದನ್ನು ಕಚ್ಚಿ ಹಿಡಿದಿದ್ದರೆ ಹೆಚ್ಚಾದ ಉದ್ದಕ್ಕೆ ಹೊರಮುಖವಾಗಿ ಉಬ್ಬುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ತಡೆದಿಟ್ಟ ಅಂಚು ಥಟ್ಟನೆ ಜಾರಿದಾಗ ಬರುವುದೇ ನೀವು ಕೇಳುತ್ತಿರುವ ಸದ್ದು.

ಆದ್ದರಿಂದ ಸ್ಕ್ರೂವನ್ನು ಉದ್ದ ರಂಧ್ರದ ನಡುಮಧ್ಯದಲ್ಲಿ ಹಾಕಿ, ಅದರ ತಲೆ ಪಟ್ಟಿಯನ್ನು ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಇಡೀ ಪ್ಯಾನೆಲ್‌ಗೆ ಒಂದೇ ಒಂದು ಕಡೆ ಪೂರ್ತಿ ಬಿಗಿ ಇರಲಿ. ಅಡ್ಡಲಾಗಿ ಕೂರಿಸಿದ ಪ್ಯಾನೆಲ್‌ನಲ್ಲಿ ಅದು ಮಧ್ಯದಲ್ಲಿದ್ದರೆ 7 ಮಿಲಿಮೀಟರ್ ಎರಡು ತುದಿಗಳಿಗೂ ಹಂಚಿಹೋಗುತ್ತದೆ. ಮುಂದಿನ ಪ್ಯಾನೆಲ್ ಸಿಕ್ಕಿಸುವ ಮೊದಲು ತುದಿಗೆ ಅಂಗೈಯಿಟ್ಟು ಉದ್ದಕ್ಕೆ ತಳ್ಳಿ ನೋಡುವುದು ಒಳ್ಳೆಯ ಪರೀಕ್ಷೆ: ಕೈಬಲಕ್ಕೆ ಕೂದಲೆಳೆಯಷ್ಟಾದರೂ ಜಾರಿದರೆ ಸರಿ, ಕಲ್ಲಿನಂತೆ ನಿಂತರೆ ಸ್ಕ್ರೂಗಳನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಬಿಗಿತಕ್ಕೆ ಮಿತಿ ಹಾಕಲು ಬರುವ ಸ್ಕ್ರೂ ಗನ್ ಬಳಸದೆ ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಒಂದೇ ಸಮನೆ ಬಿಗಿಯುತ್ತಾ ಹೋಗುವುದು ನಮ್ಮ ಸೈಟುಗಳಲ್ಲಿ ಸಾಮಾನ್ಯ. ಅದು ಕೆಲಸಗಾರರ ಅಸಡ್ಡೆಯಲ್ಲ. ಬಿಗಿ ಎಂದರೆ ಭದ್ರ ಎಂದೇ ಅವರಿಗೆ ಕಲಿಸಲಾಗಿದೆ, ಈ ಪ್ಯಾನೆಲ್‌ಗೆ ಬೇರೆ ನಿಯಮವಿದೆ ಎಂದು ಯಾರೂ ಹೇಳಿರುವುದಿಲ್ಲ.

ಪ್ಯಾನೆಲ್‌ನ ತುದಿಗಳನ್ನೂ ನೋಡಿಸಿ. ಮೂಲೆಯ ಅಥವಾ ಕಿಟಕಿ ಪಕ್ಕದ ಟ್ರಿಮ್‌ನೊಳಗೆ (ಅಂಚು ಮುಚ್ಚುವ ಪಟ್ಟಿಯೊಳಗೆ) ಪ್ಯಾನೆಲ್‌ನ ತುದಿ ಸಂದಿಲ್ಲದೆ ತಾಗಿ ಕೂತಿದ್ದರೆ, ಸ್ಕ್ರೂಗಳು ಎಷ್ಟೇ ಸಡಿಲವಾಗಿದ್ದರೂ ಅದು ಹಿಗ್ಗಲಾರದು. ತುದಿಯಲ್ಲಿ ಬಿಡುವ ಸಂದು ಮೇಲಿನ ಲೆಕ್ಕಕ್ಕೆ ಹೊಂದಬೇಕು. ಬೆಳಗಿನ ತಂಪಿನಲ್ಲಿ ಕೂರಿಸುವಾಗ ಹೆಚ್ಚು, ಉರಿಬಿಸಿಲಿನಲ್ಲಿ ಕೂರಿಸುವಾಗ ಕಡಿಮೆ. ಆ ಸಂದಿಗೆ ಗಟ್ಟಿಯಾಗುವ ಅಂಟು ತುಂಬಿಸಿದ್ದರೆ ತೆಗೆಸಬೇಕು.

ಇನ್ನು ಚೌಕಟ್ಟಿನ ವಿಷಯ. ಈ ಕೆಲಸದ ಗುಣಮಟ್ಟದ ಬಹುಪಾಲು ನಿರ್ಧಾರವಾಗುವುದು ಪ್ಯಾನೆಲ್ ಸೈಟಿಗೆ ಬರುವ ಮೊದಲೇ ಎಂದು ನಾನು ನಂಬಿದ್ದೇನೆ. ಕಾಂಕ್ರೀಟ್ ಸ್ಲ್ಯಾಬಿನ ಅಂಚು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಒಂದೆರಡು ಸೆಂಟಿಮೀಟರ್ ಹೊರಗೋ ಒಳಗೋ ಇರುವುದು ಅಪರೂಪವಲ್ಲ. ಆ ವ್ಯತ್ಯಾಸವನ್ನು ಚೌಕಟ್ಟನ್ನು ಕಟ್ಟಡಕ್ಕೆ ಹಿಡಿಸುವ ಬ್ರ್ಯಾಕೆಟ್‌ಗಳಲ್ಲಿಯೇ ಸರಿದೂಗಿಸಿ, ಮೇಲಿನಿಂದ ಕೆಳಗೆ ದಾರ ಕಟ್ಟಿಯೋ ಲೇಸರ್ ಹಿಡಿದೋ ಚೌಕಟ್ಟನ್ನು ಒಂದೇ ಸಮತಲಕ್ಕೆ ತರಬೇಕು. ಒಂದು ಕಂಬಿ ನಾಲ್ಕು ಮಿಲಿಮೀಟರ್ ಹಿಂದಿದ್ದರೂ ಸ್ಕ್ರೂ ಪ್ಯಾನೆಲ್ಲನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ, ತೆಳು ಲೋಹದ ಸಮತಟ್ಟಾದ ಮುಖ ಆ ಎಳೆತವನ್ನು ತಗ್ಗಾಗಿ ತೋರಿಸಿಯೇ ತೀರುತ್ತದೆ. ಬ್ರ್ಯಾಕೆಟ್‌ನ ಆಂಕರ್ ಬೋಲ್ಟುಗಳು ಸಾಧ್ಯವಿದ್ದಲ್ಲೆಲ್ಲ ತೊಲೆಗೆ ಅಥವಾ ಕಂಬಕ್ಕೆ ಬೀಳಲಿ, ಏಕೆಂದರೆ ಟೊಳ್ಳು ಬ್ಲಾಕಿನಲ್ಲಿ ಸಾಧಾರಣ ಆಂಕರ್ ನೆಚ್ಚಿಕೊಳ್ಳುವಂತೆ ಹಿಡಿಯುವುದಿಲ್ಲ.

ಅಡ್ಡಳತೆಯ ತಪ್ಪೂ ಹೀಗೆಯೇ ಸದ್ದಿಲ್ಲದೆ ಬೆಳೆಯುತ್ತದೆ. ಪ್ರತಿ ಜೋಡಣೆಯಲ್ಲಿ ಒಂದು ಮಿಲಿಮೀಟರ್ ಸಡಿಲ ಬಿಟ್ಟರೆ ಮೂವತ್ತು ಪ್ಯಾನೆಲ್ ಆಗುವಷ್ಟರಲ್ಲಿ ಮೂರು ಸೆಂಟಿಮೀಟರ್ ಸೇರಿ, ಕಿಟಕಿಯ ಗೆರೆ ತಪ್ಪಿಹೋಗುತ್ತದೆ. ಚೌಕಟ್ಟಿನ ಮೇಲೆ ಮೊದಲೇ ಗುರುತು ಹಾಕಿಕೊಂಡು ಹತ್ತು ಪ್ಯಾನೆಲ್‌ಗೊಮ್ಮೆ ತಾಳೆ ನೋಡುವುದೊಂದೇ ಇದಕ್ಕೆ ಪರಿಹಾರ.

ನಿಮ್ಮ ಗೋಡೆಯಲ್ಲಿ ಕಾರಣ ಯಾವುದೆಂದು ತಿಳಿಯಲು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದು ಹೋಲಿಸಿ. ಬಿಸಿಲೇರಿದಾಗ ಮಾತ್ರ ಮೂಡುವ ಉಬ್ಬು ಹಿಗ್ಗಲು ಜಾಗವಿಲ್ಲದ್ದನ್ನು ಹೇಳುತ್ತದೆ. ಮುಂಜಾವಿನಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು ಇದ್ದರೆ ಚೌಕಟ್ಟು ಏರುಪೇರಾಗಿರಬಹುದು, ಇಲ್ಲವೇ ತಗಡನ್ನು ಸುರುಳಿಯಿಂದ ಬಿಚ್ಚಿ ಮಡಿಚುವಾಗ ಉಳಿದ ಒಳಒತ್ತಡ ಕಾರಣವಾಗಿರಬಹುದು. ಕೊನೆಯದಕ್ಕೆ ಸೈಟಿನಲ್ಲಿ ಮದ್ದಿಲ್ಲ. ದಪ್ಪ ತಗಡು, ಮುಖದ ಮೇಲೆ ಸಣ್ಣ ಏಣುಗಳು, ಹೊಳಪಿಲ್ಲದ ಬಣ್ಣ ಇವನ್ನು ಆರಂಭದಲ್ಲಿಯೇ ಆರಿಸಿಕೊಳ್ಳಬೇಕಿತ್ತು. ಇಂತಹ ಅಲೆಗಳು ಕಣ್ಣಿಗೆ ಹಿತವಲ್ಲದಿದ್ದರೂ ಅವುಗಳಿಂದಲೇ ಗೋಡೆಯ ಬಲ ಕುಂದುವುದಿಲ್ಲ.

ದುರಸ್ತಿಗೆ ಹೊರಟಾಗ ಒಂದು ತೊಡಕು ಎದುರಾಗುತ್ತದೆ. ಒಂದರ ಅಂಚು ಇನ್ನೊಂದರ ಸ್ಕ್ರೂಗಳನ್ನು ಮುಚ್ಚಿರುವುದರಿಂದ ನಡುವಿನ ಒಂದೇ ಪ್ಯಾನೆಲ್ಲನ್ನು ತೆಗೆಯಲು ಸಾಮಾನ್ಯವಾಗಿ ಬರುವುದಿಲ್ಲ. ಕೆಲಸ ಮುಗಿಸಿದ ತುದಿಯಿಂದ ಹಿಂದಕ್ಕೆ ಬಿಚ್ಚುತ್ತಾ ಬರಬೇಕು. ಬಿಚ್ಚಿದ ಪ್ರತಿ ಪ್ಯಾನೆಲ್‌ಗೂ ಸಂಖ್ಯೆ ಬರೆದು, ನಿಲ್ಲಿಸಿ ಇಡಲು ಹೇಳಿ. ಹೇಗೂ ಬಿಚ್ಚಿರುವಾಗ ಪ್ಯಾನೆಲ್‌ಗೂ ಗೋಡೆಗೂ ನಡುವಿನ ಗಾಳಿಸಂದಿನಲ್ಲಿ ಕಸ, ಗಾರೆ ಬಿದ್ದಿದೆಯೇ ನೋಡಿಸಿ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಳದ ಟ್ರಿಮ್‌ನಲ್ಲಿ ನೀರು ಹೊರಹೋಗುವ ಕಿಂಡಿಗಳನ್ನು ಸಿಲಿಕೋನ್‌ನಿಂದ ಮುಚ್ಚಿದ್ದರೆ ಬಿಡಿಸಬೇಕು. ಒಳಗೆ ಹೊಕ್ಕ ಮಳೆನೀರು ಕೆಳಗಿಳಿದು ಹೊರಬೀಳಲೆಂದೇ ಅವನ್ನು ಬಿಟ್ಟಿರುತ್ತಾರೆ.

ಸ್ಕ್ರೂ ಸಡಿಲಿಸುವುದೆಂದರೆ ಅದರ ಸಂಖ್ಯೆ ಕಡಿಮೆ ಮಾಡುವುದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಗಾಳಿ ಗೋಡೆಯನ್ನು ಒತ್ತುವುದಷ್ಟೇ ಅಲ್ಲ, ಹೊರಕ್ಕೆ ಎಳೆಯುತ್ತದೆ, ಅದರಲ್ಲೂ ಕಟ್ಟಡದ ಮೂಲೆಗಳ ಬಳಿ ಈ ಎಳೆತ ಹೆಚ್ಚು; ಆದ್ದರಿಂದ ಅಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಬರಬೇಕಾಗಬಹುದು. ಕಟ್ಟಡಗಳ ಮೇಲಿನ ಗಾಳಿಹೊರೆಯ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ (ವಿನ್ಯಾಸದ ಲೆಕ್ಕ ಶುರುವಾಗುವ ವೇಗ) ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಇದೇ ಗೋಡೆ ಮಂಗಳೂರಿನಲ್ಲಿದ್ದರೆ ಸುಮಾರು ಶೇ 40ರಷ್ಟು ಹೆಚ್ಚು ಹೊರೆ ತಾಳಬೇಕಾಗುತ್ತದೆ, ಕಡಲ ಉಪ್ಪುಗಾಳಿಯಿಂದಾಗಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಿಲ್ಲದೆ ಆಗುವುದೂ ಇಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಬಿಚ್ಚಿದಾಗ ಕತ್ತರಿಸಿದ ಅಂಚನ್ನು ನೋಡಿ: ಎರಡು ತೆಳು ತಗಡುಗಳ ನಡುವೆ ಕಪ್ಪು ಅಥವಾ ಬೂದು ಪದರವಿದ್ದರೆ ಅದು ಅಪ್ಪಟ ಅಲ್ಯೂಮಿನಿಯಂ ಅಲ್ಲ, ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್). ಆಗ ನಡುಪದರ ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಿರಿ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಹೊರಗೋಡೆಯ ಮೇಲೆ ಹಬ್ಬಿ 72 ಮಂದಿ ಸತ್ತರು. ಅಲ್ಲಿದ್ದುದು ಪಾಲಿಥಿಲೀನ್ ನಡುಪದರದ, ಅಂಚು ಮಡಿಚಿ ತೂಗುಹಾಕುವ ಕ್ಯಾಸೆಟ್ ಮಾದರಿಯ ಪ್ಯಾನೆಲ್‌ಗಳು. ಅದೇ ಹಾಳೆಯನ್ನು ರಿವೆಟ್ ಹೊಡೆದು ಕೂರಿಸಿದಾಗಿನದಕ್ಕಿಂತ ಕ್ಯಾಸೆಟ್ ಮಾಡಿ ಕೂರಿಸಿದಾಗ ಬೆಂಕಿ ಪರೀಕ್ಷೆಯ ಫಲಿತಾಂಶ ಬಹಳ ಕೆಟ್ಟದಾಗಿತ್ತೆಂಬುದು ವಿಚಾರಣೆಯಲ್ಲಿ ಬಯಲಾಯಿತು. ಹಿಂದಿನ ಗಾಳಿಸಂದು ಬೆಂಕಿಗೆ ಚಿಮಣಿಯಾಗದಂತೆ ಪ್ರತಿ ಅಂತಸ್ತಿನ ಮಟ್ಟದಲ್ಲಿ ಬೆಂಕಿತಡೆ ಇದೆಯೇ ಎಂಬುದನ್ನೂ ಎಂಜಿನಿಯರ್ ಪರಿಶೀಲಿಸಲಿ.

ಮರಳಿ ಜೋಡಿಸುವ ಮೊದಲು ಅಂಗಡಿಗಳ ನಾಮಫಲಕ, ಸಿಸಿಟಿವಿ ಕ್ಯಾಮೆರಾ, ಎಸಿಯ ಹೊರಘಟಕ ಎಲ್ಲೆಲ್ಲಿ ಬರಬೇಕೆಂದು ಬಾಡಿಗೆದಾರರ ಜೊತೆ ಕೂತು ತೀರ್ಮಾನಿಸಿ. ಮುಗಿದ ಪ್ಯಾನೆಲ್‌ನ ಮೇಲಿಂದಲೇ ತೂತು ಕೊರೆದು ಫಲಕವನ್ನು ಚೌಕಟ್ಟಿಗೆ ಬೋಲ್ಟ್ ಮಾಡಿದರೆ ಆ ಪ್ಯಾನೆಲ್ ಮತ್ತೊಂದು ಕಡೆ ಕಚ್ಚಿಕೊಂಡು, ನೀವು ಖರ್ಚು ಮಾಡಿ ತೆಗೆಸಿದ ಉಬ್ಬು ಫಲಕದ ಸುತ್ತ ಮತ್ತೆ ಏಳುತ್ತದೆ. ಅವುಗಳ ಬ್ರ್ಯಾಕೆಟ್‌ಗಳು ಗೋಡೆಯಿಂದಲೇ ಹೊರಟು, ಪ್ಯಾನೆಲ್‌ನಲ್ಲಿ ಬೋಲ್ಟಿಗಿಂತ ಅಗಲವಾಗಿ ಬಿಟ್ಟ ತೂತಿನ ಮೂಲಕ ಹೊರಬರಬೇಕು. ತೂತಿನ ಸುತ್ತ ಮೆತ್ತನೆಯ ರಬ್ಬರ್ ಉಂಗುರ ಹಾಕಿದರೆ ಮಳೆ ತಡೆಯುತ್ತದೆ, ಪ್ಯಾನೆಲ್‌ಗೂ ಸರಿಯಲು ಜಾಗವಿರುತ್ತದೆ.