ಮನೆಯಲ್ಲಿ ಫಿಲ್ಟರ್ ಇದೆಯಲ್ಲ, ಮತ್ತೆ ಬಿಗಿ ಕಾನೂನು ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಳ್ಳೆಯ ವಾಟರ್ ಫಿಲ್ಟರ್ ಇದೆ. ಸಾಲದ್ದಕ್ಕೆ ನೀರು ಕಾಯಿಸಿಯೇ ಕುಡಿಯುತ್ತೇವೆ. ಎಲ್ಲರೂ ಹೀಗೆ ಅವರವರ ನೀರನ್ನು ಅವರೇ ಶುದ್ಧ ಮಾಡಿಕೊಂಡರೆ ಮುಗೀತಲ್ವಾ? ರಾಸಾಯನಿಕಗಳ ಮೇಲೆ, ಕಾರ್ಖಾನೆಗಳ ಮೇಲೆ ಸರ್ಕಾರ ಇನ್ನೂ ಬಿಗಿ ಕಾನೂನು ತರಬೇಕು ಅಂತ ಯಾಕೆ ಒತ್ತಾಯ ಮಾಡುತ್ತೀರಿ?

ಉತ್ತರ: ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಇದನ್ನೇ ಕೇಳುತ್ತಾರೆ. ಮನೆಯವರ ಆರೋಗ್ಯ ನಮ್ಮ ಕೈಯಲ್ಲೇ ಇರಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮುಗಿಯುವುದಿಲ್ಲ. ಕೆಲವು ವಿಷಗಳನ್ನು ನಲ್ಲಿಯ ಹತ್ತಿರ ತಡೆಯುವ ಹೊತ್ತಿಗೆ ತಡವಾಗಿರುತ್ತದೆ. ಅವು ಹುಟ್ಟುವ ಜಾಗದಲ್ಲೇ ತಡೆಯಬೇಕು. ಅಲ್ಲಿಗೆ ಹೋಗಿ ಪೈಪ್ ಮುಚ್ಚುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಅದಕ್ಕೇ ಕಾನೂನು ಬೇಕು.

ಮೊದಲು ಕಾಯಿಸುವ ವಿಷಯ ನೋಡೋಣ. ದಿನಾ ನೀರು ಕಾಯಿಸುವ ಪಾತ್ರೆಯನ್ನು ಒಮ್ಮೆ ಬೆಳಕಿಗೆ ಹಿಡಿದು ತಳ ನೋಡಿ. ಬಿಳಿ ಹಕ್ಕಳೆ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಅದು ನೀರಿನಲ್ಲಿದ್ದ ಸುಣ್ಣದ ಅಂಶ, ಭಯಪಡಬೇಕಾದ್ದೇನೂ ಇಲ್ಲ. ಆದರೆ ಅದನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ: ನೀರು ಆವಿಯಾಗಿ ಹೋಗುತ್ತದೆ, ನೀರಿನಲ್ಲಿ ಕರಗಿದ್ದ ಲವಣ, ಲೋಹ ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಅಷ್ಟು ನಿಜ. ಸೀಸ, ಆರ್ಸೆನಿಕ್, ನೈಟ್ರೇಟ್ ಇದ್ದ ಹಾಗೇ ಇರುತ್ತವೆ. ನೀರು ಇಂಗಿದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಮಗುವಿನ ಹಾಲಿನ ಪುಡಿ ಕಲಸುವ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ, ಮೈ ನೀಲಿಗಟ್ಟುತ್ತದೆ. ಮಗುವಿಗೆ ಅಂತ ಇನ್ನೂ ಐದು ನಿಮಿಷ ಜಾಸ್ತಿ ಕುದಿಸಿದ ತಾಯಿ, ತನಗೆ ಗೊತ್ತಿಲ್ಲದೆ ಅಪಾಯವನ್ನು ಹೆಚ್ಚಿಸಿರುತ್ತಾಳೆ. ಈ ನೈಟ್ರೇಟ್ ಬರುವುದು ಹೆಚ್ಚಾಗಿ ಗೊಬ್ಬರ ಮತ್ತು ಚರಂಡಿ ನೀರಿನಿಂದ.

ಇನ್ನು ಫಿಲ್ಟರ್. ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆಯನ್ನೂ ಕೆಲವು ರಾಸಾಯನಿಕಗಳನ್ನೂ ಹಿಡಿಯುತ್ತದೆ, ನೈಟ್ರೇಟ್ ಹಿಡಿಯುವುದಿಲ್ಲ. ಆರ್‌ಒ ಇನ್ನೂ ಜಾಸ್ತಿ ಹಿಡಿಯುತ್ತದೆ. ಆದರೆ ಆ ಯಂತ್ರದ ಪಕ್ಕದಿಂದ ಸಿಂಕಿಗೆ ಇಳಿಯುವ ತೆಳು ಪೈಪ್ ನೋಡಿದ್ದೀರಲ್ಲ? ನಿಮ್ಮ ಲೋಟದಿಂದ ತೆಗೆದದ್ದು ಆ ಪೈಪಿನಲ್ಲಿ, ಮೊದಲಿಗಿಂತ ಗಟ್ಟಿಯಾಗಿ, ಮೋರಿಗೆ ಹೋಗುತ್ತದೆ. ಮೋರಿಯಿಂದ ನದಿಗೋ ನೆಲದೊಳಕ್ಕೋ. ಮುಂದೆ ಅದೇ ನೀರು ಇನ್ನೊಬ್ಬರ ಮನೆಗೆ ಬರುತ್ತದೆ. ಫಿಲ್ಟರ್ ಕೊಳ್ಳುವ ದುಡ್ಡಿಲ್ಲದವರ ಮನೆಗೂ ಬರುತ್ತದೆ.

ಇಷ್ಟಾದ ಮೇಲೂ ನಾವು ನೀರನ್ನು ಲೋಟದಲ್ಲಿ ಮಾತ್ರ ಒಳಗೆ ತೆಗೆದುಕೊಳ್ಳುವುದಿಲ್ಲ. ತರಕಾರಿ ಬೆಳೆಯುವುದು ಅದೇ ನೀರಿನಲ್ಲಿ, ಮೀನು ಬದುಕುವುದು ಅದೇ ನೀರಿನಲ್ಲಿ. ಜಪಾನಿನ ಮಿನಮಾಟದಲ್ಲಿ ಆದದ್ದು ಇದೇ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಅದರಲ್ಲೇ ಇದೆ.

ಮಿನಮಾಟ ಒಂದು ಕೊಲ್ಲಿಯ ದಡದ ಪಟ್ಟಣ. ಅಲ್ಲಿದ್ದ ಚಿಸ್ಸೊ ಕಂಪನಿ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತಿತ್ತು. ಆ ಕೆಲಸಕ್ಕೆ ಪಾದರಸ ಬಳಸುತ್ತಿದ್ದರು. ಅದರಿಂದ ಮೀಥೈಲ್ ಪಾದರಸ ಹುಟ್ಟಿ ತ್ಯಾಜ್ಯ ನೀರಿನ ಜೊತೆ ಕೊಲ್ಲಿಗೆ ಸೇರುತ್ತಿತ್ತು. ಸಮುದ್ರದಷ್ಟು ನೀರಿಗೆ ಇಷ್ಟು ವಿಷ ಏನು ಮಾಡೀತು ಅನ್ನಿಸುತ್ತದೆ ಅಲ್ವಾ? ಆದರೆ ಈ ವಿಷ ನೀರಿನಲ್ಲಿ ಸುಮ್ನೆ ಕರಗಿ ಕೂರುವುದಿಲ್ಲ. ಸೂಕ್ಷ್ಮ ಜೀವಿಗಳ ಮೈಗೆ ಸೇರುತ್ತದೆ. ಅವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಒಂದೊಂದು ಮೆಟ್ಟಿಲಿಗೂ ಪ್ರಮಾಣ ಏರುತ್ತಾ ಹೋಗುತ್ತದೆ.

ಮೊದಲು ಗೊತ್ತಾದದ್ದು ಬೆಕ್ಕುಗಳಿಂದ. ಮೀನು ತಿಂದ ಬೆಕ್ಕುಗಳು ಸುತ್ತು ತಿರುಗಿ, ಮೈ ಅದುರಿಸಿ, ಸಾಯುತ್ತಿದ್ದವು. ಜನ ಅದನ್ನು ಬೆಕ್ಕಿನ ಕುಣಿತದ ಕಾಯಿಲೆ ಅಂದರು. ಆಮೇಲೆ ಮಕ್ಕಳು. ಕೈಯಲ್ಲಿ ಬಟ್ಟಲು ನಿಲ್ಲದು, ನಡೆದರೆ ತೂರಾಡುವುದು, ಮಾತು ತೊದಲುವುದು. 1956ರ ಮೇ 1ರಂದು ಕಂಪನಿಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹಜಿಮೆ ಹೊಸೊಕಾವ, ನರಗಳಿಗೆ ಸಂಬಂಧಿಸಿದ ಗುರುತಿಲ್ಲದ ಕಾಯಿಲೆ ಹಬ್ಬುತ್ತಿದೆ ಅಂತ ಆರೋಗ್ಯ ಇಲಾಖೆಗೆ ತಿಳಿಸಿದರು. ಬಸುರಿಯರು ನೋಡಲು ಚೆನ್ನಾಗಿಯೇ ಇರುತ್ತಿದ್ದರು, ಆದರೆ ವಿಷ ಗರ್ಭದ ಕೂಸಿಗೆ ತಲುಪಿರುತ್ತಿತ್ತು.

1958ರಲ್ಲಿ ಕಂಪನಿ ತ್ಯಾಜ್ಯದ ಪೈಪನ್ನು ಕೊಲ್ಲಿಯಿಂದ ಮಿನಮಾಟ ನದಿಯ ಬಾಯಿಗೆ ತಿರುಗಿಸಿತು. ಕಾಯಿಲೆ ಆ ಕಡೆಗೂ ಹಬ್ಬಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಇದು ಪಾದರಸದ ವಿಷ ಅಂತ ಹೇಳಿದರು. ಅದೇ ವರ್ಷ ಡಾ. ಹೊಸೊಕಾವ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕೊಂದರ ಆಹಾರಕ್ಕೆ ಬೆರೆಸಿ ನೋಡಿದರು. ಅದು 400ನೇ ನಂಬರಿನ ಬೆಕ್ಕು. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಒಂದು ಶುದ್ಧೀಕರಣ ಯಂತ್ರ ಕೂರಿಸಿತು. ಸಮಾರಂಭ ಮಾಡಿ, ಕಂಪನಿಯ ಅಧ್ಯಕ್ಷರು ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಪಾದರಸವಿದ್ದ ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯ ಆಗ ಆ ಯಂತ್ರದೊಳಗೆ ಹೋಗುತ್ತಲೇ ಇರಲಿಲ್ಲ. ಜನ ನಂಬಿದರು, ಮತ್ತೆ ಮೀನು ತಿಂದರು.

ಈ ಲೋಟದ ನೀರು ನನಗೆ ಮರೆಯಲು ಆಗುವುದಿಲ್ಲ. ಶುದ್ಧ ಮಾಡಿದ್ದೇವೆ ಅಂತ ವಿಷ ಬಿಡುವವರೇ ಹೇಳುವುದು, ಅದನ್ನು ಹೊರಗಿನವರು ಯಾರೂ ಅಳೆದು ನೋಡದೇ ಇರುವುದು. ಪಾದರಸ ಬಳಸುವ ಆ ತಯಾರಿಕೆ ನಿಂತದ್ದು 1968ರ ಮೇ ತಿಂಗಳಲ್ಲಿ. ಕಾಯಿಲೆಗೆ ಕಂಪನಿಯ ತ್ಯಾಜ್ಯವೇ ಕಾರಣ ಅಂತ ಸರ್ಕಾರ ಒಪ್ಪಿಕೊಂಡದ್ದು ಅದಾದ ನಾಲ್ಕು ತಿಂಗಳಿಗೆ. ನಡುವೆ, 1965ರಲ್ಲಿ, ಜಪಾನಿನದೇ ನೀಗಾಟದಲ್ಲಿ ಇನ್ನೊಂದು ಕಂಪನಿಯ ಅದೇ ರೀತಿಯ ತ್ಯಾಜ್ಯದಿಂದ ಅದೇ ಕಾಯಿಲೆ ಎರಡನೇ ಸಲ ಕಾಣಿಸಿಕೊಂಡಿತ್ತು. 1956ರಲ್ಲಿ ಸುಳಿವು ಸಿಕ್ಕಿತ್ತು, 1959ರಲ್ಲಿ ಕಾರಣ ಸಿಕ್ಕಿತ್ತು. ಆಗಲೇ ಇಂಥ ಪೈಪುಗಳನ್ನೆಲ್ಲ ಮುಚ್ಚಿಸಿದ್ದರೆ ನೀಗಾಟದ ಆ ಮನೆಗಳಲ್ಲಿ ಎಷ್ಟು ಜನ ಚೆನ್ನಾಗಿರುತ್ತಿದ್ದರೋ.

ಆಗ ಕಾನೂನೇ ಇರಲಿಲ್ಲವಾ? ಇತ್ತು. 1958ರ ಕೊನೆಗೇ ಜಪಾನ್ ನೀರಿನ ಗುಣಮಟ್ಟದ ಬಗ್ಗೆ ಎರಡು ಕಾನೂನು ಮಾಡಿತ್ತು. ಅವನ್ನು ಮಿನಮಾಟದಲ್ಲಿ ಬಳಸಲಿಲ್ಲ. 2004ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಇದ್ದ ಅಧಿಕಾರವನ್ನು ಬಳಸಿ ತಡೆಯದೇ ಹೋದದ್ದಕ್ಕೆ ಸರ್ಕಾರವೂ ಹೊಣೆ ಅಂತ ತೀರ್ಪು ಕೊಟ್ಟಿತು. ಅದಕ್ಕೇ ನಾನು ಬಿಗಿ ಕಾನೂನು ಅಂದಾಗ ಪುಸ್ತಕದಲ್ಲಿ ಇನ್ನೊಂದು ಹಾಳೆ ಸೇರಿಸಿ ಅಂತ ಹೇಳುತ್ತಿಲ್ಲ. ಬಂದು ನೀರು ಅಳೆಯುವ ಜನ ಬೇಕು, ಪ್ರಯೋಗಾಲಯ ಬೇಕು, ನಿಲ್ಲಿಸಿ ಅಂದರೆ ನಿಲ್ಲುವ ಹಾಗಿರಬೇಕು.

ಇನ್ನೊಂದು ವಿಷಯವಿದೆ, ಇದು ಹೊರಗೆ ಅಷ್ಟಾಗಿ ಚರ್ಚೆ ಆಗುವುದಿಲ್ಲ. ಒಂದು ರಾಸಾಯನಿಕ ಅಪಾಯವೋ ಅಲ್ಲವೋ ಅಂತ ಸಾಬೀತು ಮಾಡಬೇಕಾದವರು ಯಾರು? ಅಮೆರಿಕದಲ್ಲಿ 1976ರಲ್ಲಿ ವಿಷ ರಾಸಾಯನಿಕಗಳ ಬಗ್ಗೆ ಕಾನೂನು ಬಂತು. ಆಗ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆಯಿಲ್ಲದೆ ಹಾಗೇ ಮುಂದುವರಿಯಲು ಬಿಟ್ಟರು. ಯಾವುದನ್ನಾದರೂ ತಡೆಯಬೇಕಾದರೆ ಅಪಾಯವಿದೆ ಅಂತ ಸರ್ಕಾರವೇ ತೋರಿಸಬೇಕಿತ್ತು. ಆ ಕಾನೂನಿನ ಕೆಳಗೆ 1989ರಲ್ಲಿ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು ನಿಷೇಧಿಸಲು ಹೊರಟರೆ 1991ರಲ್ಲಿ ನ್ಯಾಯಾಲಯ ಅದರ ಬಹುಪಾಲನ್ನು ರದ್ದು ಮಾಡಿತು. ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅಂತ ಎಲ್ಲರಿಗೂ ಗೊತ್ತಿದ್ದ ವಸ್ತುವಿನ ಗತಿಯೇ ಹೀಗಾದರೆ ಉಳಿದವುಗಳ ಕಥೆ ಹೇಳಬೇಕೇ? 2016ರಲ್ಲಿ ಆ ಕಾನೂನನ್ನು ತಿದ್ದಿದರು. ಯುರೋಪ್ 2007ರಲ್ಲಿ ಇದನ್ನು ತಿರುಗಿಸಿ ಹಾಕಿತು. ಅಲ್ಲಿನ ರೀಚ್ ನಿಯಮದಲ್ಲಿ ತಯಾರಕರೇ ಮಾಹಿತಿ ಕೊಡಬೇಕು. ಮಾಹಿತಿ ಇಲ್ಲದಿದ್ದರೆ ಮಾರುವ ಹಾಗಿಲ್ಲ. ನನಗೆ ನ್ಯಾಯ ಅನ್ನಿಸುವುದು ಈ ಎರಡನೇ ದಾರಿ. ಲಾಭ ಅವರದು, ಪರೀಕ್ಷೆ ನಮ್ಮ ಮಕ್ಕಳ ಮೈಮೇಲೆ ಅಂದರೆ ಹೇಗೆ?

ಆಹಾರ ಅಂಟದ ತವಾ ತಯಾರಿಕೆಯಲ್ಲಿ ಬಳಸುತ್ತಿದ್ದ ರಾಸಾಯನಿಕವಾದ ಪಿಎಫ್‌ಒಎ ಇದಕ್ಕೆ ಒಳ್ಳೆಯ ಉದಾಹರಣೆ. ಪಿಎಫ್‌ಎಎಸ್ ಎಂಬ ದೊಡ್ಡ ಗುಂಪಿನಲ್ಲಿ ಇದೊಂದು. ಇವುಗಳಲ್ಲಿ ಇಂಗಾಲ ಮತ್ತು ಫ್ಲೋರಿನ್ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ ಅಂದರೆ ಮಣ್ಣಿನಲ್ಲೂ ನೀರಿನಲ್ಲೂ ಅವು ಸುಲಭಕ್ಕೆ ಒಡೆಯುವುದಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ತಿರದ ಡ್ಯೂಪಾಂಟ್ ಕಾರ್ಖಾನೆ 1951ರಿಂದ ಇದನ್ನು ಬಳಸುತ್ತಿತ್ತು. ಸುತ್ತಲಿನ ಕುಡಿಯುವ ನೀರಿಗೂ ಇದು ಸೇರಿತು. ರಾಬ್ ಬಿಲಟ್ ಎಂಬ ವಕೀಲರು ಮೊಕದ್ದಮೆ ಹೂಡಿದ ಮೇಲೆ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. 2012ರ ಹೊತ್ತಿಗೆ ವಿಜ್ಞಾನಿಗಳ ಸಮಿತಿ ಮೂತ್ರಪಿಂಡದ ಕ್ಯಾನ್ಸರ್ ಸೇರಿ ಆರು ಕಾಯಿಲೆಗಳಿಗೆ ಸಂಬಂಧ ಗುರುತಿಸಿತು. ದೇಶಕ್ಕೆಲ್ಲ ಅನ್ವಯಿಸುವ ಕುಡಿಯುವ ನೀರಿನ ಮಿತಿ ಪ್ರಕಟವಾದದ್ದು 2024ರಲ್ಲಿ. 73 ವರ್ಷ ಆಗಿತ್ತು. ಆ ಮಿತಿ 1 ಲಕ್ಷ ಕೋಟಿ ಭಾಗ ನೀರಿಗೆ 4 ಭಾಗ. ಅಂದರೆ 25 ಲಕ್ಷ ಲೀಟರಿನ ಟ್ಯಾಂಕಿನಲ್ಲಿ ಒಂದು ಗ್ರಾಮಿನ ನೂರನೇ ಒಂದು ಪಾಲು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಇದೆಯೋ ಇಲ್ಲವೋ ಅಂತ ಮನೆಯಲ್ಲಿ ಕೂತು ಯಾರು ಕಂಡುಹಿಡಿಯಲು ಸಾಧ್ಯ?

ಪಿಎಫ್‌ಒಎ ಬಿಟ್ಟ ಮೇಲೆ ಏನು ಮಾಡಿದರು ಗೊತ್ತೇ? ಅದೇ ಗುಂಪಿನ ಜೆನ್ಎಕ್ಸ್ ಎಂಬ ಇನ್ನೊಂದನ್ನು ತಂದರು. 2017ರಲ್ಲಿ ಅದು ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯ ನೀರಿನಲ್ಲಿ ಇದೆ ಅಂತ ಬೆಳಕಿಗೆ ಬಂತು. ಒಂದೊಂದೇ ರಾಸಾಯನಿಕವನ್ನು ಹಿಡಿದು ನಿಷೇಧಿಸುತ್ತಾ ಹೋದರೆ ಈ ಆಟ ಮುಗಿಯುವುದೇ ಇಲ್ಲ. ಇಡೀ ಗುಂಪಿಗೆ ನಿಯಮ ಬೇಕು.

ನಿಯಮ ಬರೆಯುವ ರೀತಿಯಲ್ಲೂ ಸಂದುಗಳಿರುತ್ತವೆ. ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಮಾತ್ರ ಮಿತಿ ಹಾಕಿದರೆ, ತ್ಯಾಜ್ಯಕ್ಕೆ ಒಳ್ಳೆಯ ನೀರು ಬೆರೆಸಿ ತೆಳು ಮಾಡಿ ಬಿಡಬಹುದು. ಪರೀಕ್ಷೆಯಲ್ಲಿ ಪಾಸ್, ನದಿಗೆ ಹೋದ ವಿಷ ಅಷ್ಟೇ. ದಿನಕ್ಕೆ ಒಟ್ಟು ಎಷ್ಟು ಕಿಲೋ ಅನ್ನುವ ಮಿತಿಯೂ ಇರಬೇಕು. ಶುದ್ಧೀಕರಣ ಘಟಕ ನಡೆಸುವ ಖರ್ಚಿಗಿಂತ ದಂಡ ಕಡಿಮೆ ಇದ್ದರೆ ಜನ ದಂಡವನ್ನೇ ಆರಿಸಿಕೊಳ್ಳುತ್ತಾರೆ. ಮುಂಚೆಯೇ ಹೇಳಿ ಹಗಲು ಬರುವ ಅಧಿಕಾರಿಗೆ ರಾತ್ರಿ ಬಿಟ್ಟ ನೀರು ಕಾಣುವುದಿಲ್ಲ. ಹಾಗಾಗಿ ಪೈಪಿನ ಬಾಯಲ್ಲೇ ಸದಾ ಅಳೆಯುವ ಯಂತ್ರ ಬೇಕು, ಆ ಅಂಕಿ ಊರಿನವರಿಗೂ ಕಾಣುವಂತಿರಬೇಕು. ಭೋಪಾಲ್ ದುರಂತ ಆದ ಮೇಲೆ, 1986ರಲ್ಲಿ, ಯಾವ ಕಾರ್ಖಾನೆ ಯಾವ ವಿಷವನ್ನು ಎಷ್ಟು ಬಿಡುತ್ತದೆ ಅಂತ ಜನರಿಗೆ ತಿಳಿಸಲೇಬೇಕು ಅನ್ನುವ ಕಾನೂನನ್ನು ಅಮೆರಿಕ ಮಾಡಿತು. ಅಂಥದ್ದು ಎಲ್ಲ ಕಡೆ ಬೇಕು.

ಇಷ್ಟು ಬಿಗಿ ಮಾಡಿದರೆ ಕಾರ್ಖಾನೆ ಮುಚ್ಚುತ್ತವೆ, ಕೆಲಸ ಹೋಗುತ್ತದೆ ಅನ್ನುತ್ತಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕೂಲಿ ನಂಬಿದವರಿಗೆ ಅದು ಊಟದ ಪ್ರಶ್ನೆ. ಸಣ್ಣ ಘಟಕಗಳಿಗೆ ಸಮಯ, ಸಾಲ, ಸೇರಿ ಬಳಸುವ ಶುದ್ಧೀಕರಣ ಘಟಕ ಕೊಡಲೇಬೇಕು. ಆದರೆ ವಿಷ ಬಿಡುವುದು ಅಗ್ಗ ಅಂತ ಕಾಣುವುದು ಬಿಲ್ಲು ಬೇರೆಯವರಿಗೆ ಹೋಗುವುದರಿಂದ. ಮಿನಮಾಟ ಕೊಲ್ಲಿಯ ಪಾದರಸದ ಹೂಳು ತೆಗೆಯಲು 1977ರಿಂದ 1990ರವರೆಗೆ ಕೆಲಸ ನಡೆಯಿತು, 4,850 ಕೋಟಿ ಯೆನ್ ಖರ್ಚಾಯಿತು. ಇದರಲ್ಲಿ ಆಸ್ಪತ್ರೆ ಖರ್ಚು ಸೇರಿಲ್ಲ. ಮೀನುಗಾರರು ಕಳೆದುಕೊಂಡ ಕಸುಬು ಸೇರಿಲ್ಲ.

ತಡೆದರೆ ನೀರು ಚೇತರಿಸಿಕೊಳ್ಳುತ್ತದೆ. ಅಮೆರಿಕದ ಒಹಾಯೊದಲ್ಲಿ ಕಯಹೋಗ ನದಿಗೆ 1969ರಲ್ಲಿ ಬೆಂಕಿ ಹತ್ತಿತ್ತು, ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ. 1972ರಲ್ಲಿ ಶುದ್ಧ ನೀರಿನ ಕಾನೂನು ಬಂತು, ಪರವಾನಗಿ ಇಲ್ಲದೆ ಪೈಪಿನಿಂದ ನದಿಗೆ ತ್ಯಾಜ್ಯ ಬಿಡುವಂತಿಲ್ಲ ಅಂದಿತು. 2019ರಲ್ಲಿ ಅದೇ ನದಿಯ ಮೀನು ತಿನ್ನುವುದರ ಮೇಲಿದ್ದ ನಿರ್ಬಂಧವನ್ನು ಸಡಿಲಿಸಿದರು.

ನಿಮ್ಮ ಫಿಲ್ಟರ್ ತೆಗೆಯಬೇಡಿ. ನಲ್ಲಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಅದರಲ್ಲಿರುವುದನ್ನು ಹಿಡಿಯುವ ಫಿಲ್ಟರ್ ನಿಮ್ಮದೋ ನೋಡಿ, ಒಳಗಿನ ಭಾಗಗಳನ್ನು ಹೇಳಿದ ಸಮಯಕ್ಕೆ ಬದಲಿಸಿ. ಜೊತೆಗೆ, ಸರ್ಕಾರ ಹೊಸ ನಿಯಮದ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿದಾಗ ದಯವಿಟ್ಟು ಬರೆಯಿರಿ. ಉದ್ಯಮದವರು ಪುಟಗಟ್ಟಲೆ ಬರೆಯುತ್ತಾರೆ, ಮನೆಯವರು ಬರೆಯುವುದು ಕಡಿಮೆ. ದೊಡ್ಡ ಭಾಷೆ ಬೇಡ. ನಮ್ಮ ನೀರಿಗೆ ಯಾರು ಏನನ್ನು ದಿನಕ್ಕೆ ಎಷ್ಟು ಕಿಲೋ ಬಿಡುತ್ತಿದ್ದಾರೆ? ಅದನ್ನು ಅಳೆಯುವವರು ಯಾರು? ಕೊನೆಯ ಸಲ ಅಳೆದದ್ದು ಯಾವಾಗ, ವರದಿ ಎಲ್ಲಿ ಸಿಗುತ್ತದೆ? ಇಷ್ಟು ಕೇಳಿ, ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿ.