ಸಂಜೆಯ ಬ್ರೆಡ್ಡು, ಜಗಲಿಯ ಲೋಟ

ವಿದ್ಯಾರ್ಥಿ ವಿನಿಮಯದಲ್ಲಿ ಅಲ್ಲಿಯ ಒಂದು ಮನೆಯಲ್ಲಿ ಇರಲು ಅಕ್ಕನ ಮಗಳು ಜರ್ಮನಿಗೆ ಹೋಗಿ ಒಂದು ವಾರ ಆಗಿತ್ತು. ಫೋನಿನಲ್ಲಿ ಅವಳದ್ದು ಒಂದೇ ದೂರು. "ಮಾವ, ಇಲ್ಲಿ ರಾತ್ರಿ ಒಲೆಯೇ ಹಚ್ಚುವುದಿಲ್ಲ. ತಣ್ಣಗಿನ ಬ್ರೆಡ್ಡು, ಚೀಸು, ಸೌತೆಕಾಯಿ ಹೋಳು. ಅಷ್ಟೆ. ನಾನು ಬಂದದ್ದು ಇವರಿಗೆ ಇಷ್ಟ ಇಲ್ವಾ ಎಂತ?"

ಕಾಸರಗೋಡಿನ ಬದಿಯಡ್ಕ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ಬೆಳೆದ ಹುಡುಗಿ. ಅವಳಿಗೆ ರಾತ್ರಿ ಅಂದರೆ ಬಿಸಿ ಕುಚ್ಚಲಕ್ಕಿ ಅನ್ನ, ಸಾರು, ಕೊನೆಗೆ ಮಜ್ಜಿಗೆ. ನೆಂಟರು ಬಂದರೆ ಇನ್ನೆರಡು ಬಗೆ ಜಾಸ್ತಿ. ಬಂದವರಿಗೆ ತಣ್ಣಗಿನದ್ದು ಬಡಿಸಿದರೆ ಅದು ಅಸಡ್ಡೆ. ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ನೋಡಿ ನೋಡಿ ಬಂದದ್ದು.

ಸರಿಯಾಗಿ ತಿಳಿಯಲು ಅವಳಿಗೆ ಮೂರು ವಾರ ಬೇಕಾಯಿತು. ಆ ಮನೆಯಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೆ. ಸಂಜೆಯದ್ದಕ್ಕೆ ಹೆಸರೇ 'ಆಬೆಂಟ್‌ಬ್ರೋಟ್', ಅಂದರೆ ಸಂಜೆಯ ಬ್ರೆಡ್ಡು. ಮರದ ಹಲಗೆಯ ಮೇಲೆ ಅವರವರೇ ಕೊಯ್ದುಕೊಂಡು, ಮಾತಾಡುತ್ತಾ ಬಹಳ ಹೊತ್ತು ಕೂರುತ್ತಾರೆ. "ಇಲ್ಲಿಯ ಅಮ್ಮನೂ ನಮ್ಮ ಜೊತೆಗೇ ಕೂರುತ್ತಾರೆ ಮಾವ. ಬಡಿಸಲಿಕ್ಕೆ ಯಾರೂ ಏಳುವುದೇ ಬೇಡ" ಅಂದಳು. ಈಗ ದನಿಯಲ್ಲಿ ದೂರು ಇರಲಿಲ್ಲ.

ಆ ಮೂರು ವಾರಗಳಲ್ಲಿ ಅವಳ ತಲೆಯೊಳಗೆ ಏನು ನಡೆಯಿತು ಎನ್ನುವುದೇ ನನಗೆ ಕುತೂಹಲ. ನಮ್ಮ ಮಿದುಳು ಪ್ರತಿ ಕ್ಷಣವೂ ಮುಂದಿನದ್ದನ್ನು ಊಹಿಸುತ್ತಿರುತ್ತದೆ. ಊಹೆ ಸರಿಯಾದಷ್ಟು ಹೊತ್ತು ನಮಗೆ ಏನೂ ಗೊತ್ತಾಗುವುದಿಲ್ಲ. ತಪ್ಪಿದ ಕೂಡಲೇ ಗಮನ ಅಲ್ಲಿಗೆ ಹೋಗುತ್ತದೆ. ಕತ್ತಲೆಯಲ್ಲಿ ಇನ್ನೊಂದು ಮೆಟ್ಟಿಲು ಉಂಟು ಎಂದು ಕಾಲಿಟ್ಟು ಮುಗ್ಗರಿಸುತ್ತೇವಲ್ಲ, ಹಾಗೆ. ಪ್ರವಾಸಕ್ಕೆ ಹೋದವರಿಗೂ ಇಂಥದ್ದು ಆಗುತ್ತದೆ. ಆದರೆ ಅವರು ಎರಡು ದಿನಕ್ಕೆ ಹೋಟೆಲು ಖಾಲಿ ಮಾಡಿ ಹೊರಡುತ್ತಾರೆ. ಅದೇ ಮನೆಯಲ್ಲಿ ಹತ್ತು ತಿಂಗಳು ಇರಬೇಕಾದವಳಿಗೆ ಊಹೆಯನ್ನೇ ತಿದ್ದಿಕೊಳ್ಳದೆ ಬೇರೆ ದಾರಿ ಇಲ್ಲ.

ಮಕ್ಕಳನ್ನು ಹೀಗೆ ಬೇರೆ ದೇಶದ ಮನೆಗಳಲ್ಲಿ ಇರಿಸುವ ಯೋಚನೆಯ ಹಿಂದೆ ಯುದ್ಧದ ನೆನಪಿದೆ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರ ಸಂಘಟನೆ ಎಎಫ್‌ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್). ಯುದ್ಧ ಮುಗಿದ ಮೇಲೆ ಅವರು ಶಾಲಾ ಮಕ್ಕಳ ವಿನಿಮಯಕ್ಕೆ ಕೈ ಹಾಕಿದರು. 1947ರಲ್ಲಿ 10 ದೇಶಗಳ 52 ವಿದ್ಯಾರ್ಥಿಗಳಿಂದ ಅದು ಶುರುವಾಯಿತು. ಹೆಣ ನೋಡಿದವರಿಗೆ ಊಟದ ಮೇಜಿನ ಬೆಲೆ ಗೊತ್ತಿತ್ತು.

ಇದರಿಂದ ಮನಸ್ಸು ನಿಜವಾಗಿ ಬದಲಾಗುತ್ತದಾ? ಇದನ್ನು ಅಳೆಯುವುದು ಸುಲಭ ಇಲ್ಲ. ಹೊರಗೆ ಹೋಗಲು ಹೊರಡುವವರು ಮೊದಲೇ ಸ್ವಲ್ಪ ತೆರೆದ ಮನಸ್ಸಿನವರು ಇರಬಹುದು, ಅಲ್ವಾ? ಇಬ್ಬರು ಜರ್ಮನ್ ಮನಶ್ಶಾಸ್ತ್ರಜ್ಞರು, ಜಿಮರ್‌ಮನ್ ಮತ್ತು ನೈಯರ್, 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಗಮನದಲ್ಲಿ ಇಟ್ಟುಕೊಂಡರು. ಅವರು ನೋಡಿದ್ದು 1,134 ಕಾಲೇಜು ವಿದ್ಯಾರ್ಥಿಗಳನ್ನು. ಒಂದಷ್ಟು ಜನ ಒಂದು ಸೆಮಿಸ್ಟರಿಗೋ ಒಂದು ವರ್ಷಕ್ಕೋ ಹೊರದೇಶಕ್ಕೆ ಹೋದವರು, ಉಳಿದವರು ಊರಲ್ಲೇ ಇದ್ದವರು. ಹೋಗುವ ಮೊದಲೂ ಆಮೇಲೂ ಅಳೆದರು. ಹೌದು, ಹೋದವರು ಮೊದಲಿಗೇ ಸ್ವಲ್ಪ ಬೇರೆ ಇದ್ದರು. ಆದರೂ ಆ ವ್ಯತ್ಯಾಸವನ್ನು ಕಳೆದ ಮೇಲೂ ಬದಲಾವಣೆ ಕಂಡಿತು. ಹೊಸದಕ್ಕೆ ತೆರೆದುಕೊಳ್ಳುವ ಗುಣ, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವ ಗುಣ ಬೆಳೆದಿತ್ತು. ಆತಂಕ ಇಳಿದಿತ್ತು.

ನನಗೆ ತುಂಬಾ ಇಷ್ಟವಾದದ್ದು ಅದರ ಮುಂದಿನ ಮಾತು. ಈ ಬದಲಾವಣೆಯ ದೊಡ್ಡ ಪಾಲು ಬಂದದ್ದು ಅಲ್ಲಿ ಸಿಕ್ಕಿದ ಹೊಸ ಗೆಳೆಯರಿಂದ. ಕೋಟೆ, ಮ್ಯೂಸಿಯಂ ಎಷ್ಟು ಬೇಕಾದರೂ ನೋಡಬಹುದು. ಮನಸ್ಸನ್ನು ಅಲ್ಲಾಡಿಸುವುದು ಜೊತೆಗೆ ಕೂತು ಬ್ರೆಡ್ಡು ಕೊಯ್ಯುವ ಮನುಷ್ಯರು.

ಈ ವಿಷಯದಲ್ಲಿ ಕಾಸರಗೋಡಿನ ಮಕ್ಕಳ ಕೈಯಲ್ಲಿ ಒಂದು ಗಂಟು ಮೊದಲೇ ಉಂಟು ಎಂದು ನಾನು ನಂಬಿದ್ದೇನೆ. ನಮ್ಮದು ಏಳು ಭಾಷೆಗಳ ಊರು. ನಮ್ಮ ಹುಡುಗಿ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾಳೆ. ಪಕ್ಕದ ಮನೆಯ ಬ್ಯಾರಿ ಮಾತು ಆಡಲು ಬಾರದಿದ್ದರೂ ಅರ್ಥವಾಗುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 4ರಿಂದ 6 ವರ್ಷದ 72 ಮಕ್ಕಳೊಂದಿಗೆ ಒಂದು ಆಟ ಆಡಿಸಿದ್ದನ್ನು ಪ್ರಕಟಿಸಿದರು. ನಡುವೆ ಒಂದು ಗೂಡುಗೂಡಾದ ಕಪಾಟು. ಈ ಕಡೆ ಮಗು, ಆ ಕಡೆ ದೊಡ್ಡವರು. ಮಗುವಿಗೆ ಮೂರು ಆಟಿಕೆ ಕಾರು ಕಾಣುತ್ತದೆ: ಚಿಕ್ಕದು, ಮಧ್ಯಮ, ದೊಡ್ಡದು. ಎಲ್ಲಕ್ಕಿಂತ ಚಿಕ್ಕದಕ್ಕೆ ಆ ಕಡೆಯಿಂದ ಮರೆ ಇದೆ. ದೊಡ್ಡವರು "ನನಗೊಂದು ಚಿಕ್ಕ ಕಾರು ಕಾಣ್ತಿದೆ, ಅದನ್ನು ಸರಿಸು" ಅನ್ನುತ್ತಾರೆ. ಮಗು ಯಾವುದನ್ನು ಮುಟ್ಟಬೇಕು? ಅವರಿಗೆ ಕಾಣುವುದರಲ್ಲಿ ಚಿಕ್ಕದು ಮಧ್ಯಮ ಕಾರು. ಒಂದೇ ಭಾಷೆ ಕೇಳಿ ಬೆಳೆದ ಮಕ್ಕಳು ಸುಮಾರು ಅರ್ಧದಷ್ಟು ಸಲ ಸರಿಯಾಗಿ ಸರಿಸಿದರು. ಎರಡು ಭಾಷೆ ಆಡುವ ಮಕ್ಕಳು ಮುಕ್ಕಾಲು ಪಾಲಿಗಿಂತ ಹೆಚ್ಚು ಸಲ. ಇನ್ನೊಂದು ಭಾಷೆಯನ್ನು ಸುಮ್ನೆ ಸುತ್ತಮುತ್ತ ಕೇಳುತ್ತಾ ಬೆಳೆದ ಮಕ್ಕಳೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಆಡಿದರು.

ಇದು ಒಂದು ಸಣ್ಣ ಪ್ರಯೋಗ. ಇದರಿಂದ ನಮ್ಮ ಮಕ್ಕಳೆಲ್ಲ ಜಾಣರು ಎಂದು ಬೀಗಬೇಕಾಗಿಲ್ಲ. ಆದರೆ ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೆಲ್ಲ ನನಗೆ ಆ ಕಾರು ನೆನಪಾಗುತ್ತದೆ. ಯಾರಿಗೆ ಯಾವ ಭಾಷೆ ಎಂದು ಮುಖ ನೋಡಿಯೇ ಅಂದಾಜು ಮಾಡುತ್ತೇವೆ. ತುಳುವಿನ ಈರ್ ಅನ್ನಬೇಕಾ, ಮಲಯಾಳದ ನಿಙ್ಙಳ್ ಅನ್ನಬೇಕಾ, ಕನ್ನಡದ ನೀವು ಅನ್ನಬೇಕಾ ಎಂದು ಬಾಯಿ ತೆರೆಯುವ ಮೊದಲೇ ಲೆಕ್ಕ ಆಗಿರುತ್ತದೆ. ಜರ್ಮನಿನ 'ಡೂ', 'ಜೀ' ಎಂಬ ನೀನು, ನೀವುಗಳ ಭೇದ ನಮ್ಮ ಹುಡುಗಿಗೆ ಒಂದೇ ದಿನಕ್ಕೆ ಹೊಂದಿತು. ಕಷ್ಟವಾದದ್ದು ಬೇರೆ. ಆ ಅಮ್ಮ ತನ್ನನ್ನು ಹೆಸರು ಹಿಡಿದು 'ಡೂ' ಎಂದೇ ಕರೆಯಲು ಹೇಳಿದ್ದರು. ಪ್ರಾಯದವರನ್ನು ನೀನು ಅನ್ನಲು ನಾಲಗೆ ಏಳದೆ, ಒಂದು ತಿಂಗಳು ಅವಳು ಯಾವ ಹೆಸರೂ ಹೇಳದೆ ಎದುರಿಗೆ ಹೋಗಿ ನಿಂತೇ ಮಾತಾಡಿದಳಂತೆ.

2018ರ ಇನ್ನೊಂದು ಅಧ್ಯಯನ ಹೇಳುವಂತೆ, ಹೊರದೇಶದಲ್ಲಿ ಬದುಕಿದವರಿಗೆ ತಾನು ಯಾರು ಎನ್ನುವುದು ಹೆಚ್ಚು ಸ್ಪಷ್ಟವಾಗುತ್ತದೆ. ಲೆಕ್ಕಕ್ಕೆ ಬರುವುದು ಎಷ್ಟು ದೇಶ ಎನ್ನುವುದಕ್ಕಿಂತ ಎಷ್ಟು ಕಾಲ ಎನ್ನುವುದು. ತನ್ನ ನಂಬಿಕೆಗಳಲ್ಲಿ ನಿಜವಾಗಿ ತನ್ನದು ಯಾವುದು, ಸುಮ್ನೆ ಮನೆಯಿಂದ ಬಂದದ್ದು ಯಾವುದು ಎಂದು ಅವರು ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ.

ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ. ಹಿಂತಿರುಗಿದ ಎರಡನೇ ವಾರ ಅಡಿಕೆ ಕೊಯ್ಲು. ಅಡಿಕೆಯ ಕೊನೆ, ಅಂದರೆ ಗೊಂಚಲು, ತೆಗೆಯುವವರಿಗೆ ಚಹಾ ಕೊಡಲು ಜಗಲಿಯ ಮೂಲೆಯಲ್ಲಿ ಬೇರೆ ಲೋಟ ಉಂಟು. ತೊಳೆದು ಅವರೇ ಕವುಚಿ ಇಡಬೇಕು. ನಾನು ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ. ಅವಳು ಅದನ್ನು ಕೈಯಲ್ಲಿ ಹಿಡಿದು ಅಜ್ಜಿಯ ಹತ್ತಿರ ಬಂದಳು. "ಅಲ್ಲಿ ಪೈಪು ರಿಪೇರಿಗೆ ಬಂದವರು ನಮ್ಮ ಮೇಜಿನಲ್ಲೇ ಕೂತು ಕಾಫಿ ಕುಡಿದರು ಅಜ್ಜಿ. ಇದು ಯಾಕೆ ಹೊರಗೆ?"

ಅಜ್ಜಿ ಮಾತಾಡಲಿಲ್ಲ. ನನಗೂ ಉತ್ತರ ಇರಲಿಲ್ಲ. ಐವತ್ತು ವರ್ಷ ಆ ಲೋಟವನ್ನು ದಾಟಿ ಓಡಾಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ.

ಈ ವರ್ಷದ ಕೊಯ್ಲಿಗೆ ಅವಳು ಒಳಗೆ ಕರೆದಳು. ಅವರು ಬಂದರು. ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಬೇಗ ಮುಗಿಸಿ ಎದ್ದರು. ನಾಲ್ಕನೇ ದಿನ ಇನ್ನೊಂದು ಲೋಟ ಕೇಳಿದರು.