ಕ್ರಾನ್‌ಗೆ ಗಂಟೆ ಗೊತ್ತು, ಕೆಲಸ ಗೊತ್ತಿಲ್ಲ: ಶೆಡ್ಯೂಲರ್ ಕುರಿತ ಟಿಪ್ಪಣಿ

ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಈ ಮೂರು ಜಲಾಶಯಗಳ ದಿನದ ಮಟ್ಟದ ಡೇಟಾ ಡೌನ್‌ಲೋಡ್ ಮಾಡಿಕೊಂಡು, ಏರಿಳಿತ ಲೆಕ್ಕ ಹಾಕಿ ಗ್ರಾಫ್ ಮಾಡುವುದು ನಾನು ಕಲಿಯಲೆಂದು ಹಿಡಿದ ಕೆಲಸ. ಬಾಗಲಕೋಟೆಯವರಿಗೆ ಮಳೆಗಾಲದಲ್ಲಿ ಆಲಮಟ್ಟಿ ಮಟ್ಟಕ್ಕಿಂತ ದೊಡ್ಡ ಸುದ್ದಿ ಯಾವುದಿದೆ?

ಮೊದಲು ಕ್ರಾನ್‌ನಲ್ಲಿ, ಅಂದರೆ ಹೇಳಿದ ಗಂಟೆಗೆ ಪ್ರೋಗ್ರಾಂ ಓಡಿಸುವ ಸಾಧನದಲ್ಲಿ, ಎರಡು ಸಾಲು ಬರೆದಿದ್ದೆ. 8 ಗಂಟೆಗೆ ಡೌನ್‌ಲೋಡ್, 8:30ಕ್ಕೆ ಲೆಕ್ಕ. ಒಂದು ದಿನ ಡೌನ್‌ಲೋಡ್ ಕೈಕೊಟ್ಟಿತು. 8:30ಕ್ಕೆ ಲೆಕ್ಕದ ಸ್ಕ್ರಿಪ್ಟ್ ಎದ್ದು, ಫೋಲ್ಡರ್‌ನಲ್ಲಿದ್ದ ಹಳೇ ಫೈಲನ್ನೇ ಓದಿ, ಗ್ರಾಫ್ ಬರೆದು ತಣ್ಣಗೆ ಮಲಗಿತು. ಎರರ್ ಗಿರರ್ ಏನೂ ಇಲ್ಲ. ಹೊರಗೆ ಮಳೆ ಜಡಿಯುತ್ತಿದೆ, ನನ್ನ ಗ್ರಾಫ್‌ನಲ್ಲಿ ಮಾತ್ರ ನೀರು ಒಂದು ಸೆಂಟಿಮೀಟರೂ ಏರಿಲ್ಲ! ಮೂರನೇ ದಿನ ಅನುಮಾನ ಬಂತು.

ಅಲ್ಲಿಗೆ ಏರ್‌ಫ್ಲೋ ಹಿಡಿದೆ, ಕೆಲಸಗಳನ್ನು ಸರದಿ ಪ್ರಕಾರ ಓಡಿಸುವ ತಂತ್ರಾಂಶ. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿ ಆಮೇಲೆ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಗೆ ಸೇರಿದ್ದು ಇದು. ಇದರಲ್ಲಿ ಗಂಟೆಯ ಜೊತೆಗೆ 'ಯಾವುದು ಮುಗಿದ ಮೇಲೆ ಯಾವುದು' ಅಂತಲೂ ಬರೆಯುತ್ತೇವೆ. ಆ ನಕ್ಷೆಯೇ ಡ್ಯಾಗ್. ಘಟಪ್ರಭೆ, ಮಲಪ್ರಭೆ ಕೃಷ್ಣೆಗೆ ಕೂಡುವ ಹಾಗೆ ಮೂರು ಡೌನ್‌ಲೋಡ್‌ಗಳು ಒಂದು ಲೆಕ್ಕಕ್ಕೆ ಬಂದು ಕೂಡುತ್ತವೆ. ಒಂದು ಬರದಿದ್ದರೂ ಲೆಕ್ಕ ಶುರುವಾಗದು. ಕೆಳಗಿನ ಕೆಲಸ ಸುತ್ತಿ ಬಂದು ಮೇಲಿನದಕ್ಕೆ ಸೇರುವಂತಿಲ್ಲ. ನಮ್ಮ ಹಳೇ ಊರಿಗೆ ನುಗ್ಗಿದ ಹಿನ್ನೀರು ಇಲ್ಲಿ ನಡೆಯುವುದಿಲ್ಲ.

ಏರ್‌ಫ್ಲೋದ ಶೆಡ್ಯೂಲರ್ ತಾನು ಲೆಕ್ಕ ಮಾಡುವುದಿಲ್ಲ, ಯಾವ ಕೆಲಸದ ಸರದಿ ಬಂತು ಎಂದಷ್ಟೇ ನೋಡುತ್ತದೆ. ದುಡಿಯುವುದು ವರ್ಕರ್. ಯಾವುದು ಮುಗಿಯಿತು, ಯಾವುದು ಬಿತ್ತು ಎನ್ನುವುದೆಲ್ಲ ಡೇಟಾಬೇಸ್‌ನಲ್ಲಿ ದಾಖಲು. ವರ್ಕರನ್ನು ಬೇರೆ ಯಂತ್ರದಲ್ಲಿಟ್ಟರೆ ಮೆಮೊರಿ ತುಂಬಿ ಅದು ಸತ್ತರೂ ಶೆಡ್ಯೂಲರ್ ಬದುಕಿರುತ್ತದೆ. ರಿಟ್ರೈ (ಬಿದ್ದರೆ ಮತ್ತೆ ಯತ್ನಿಸು) ಎಂದು ಬರೆದಿದ್ದರೆ ಬಿದ್ದ ಕೆಲಸವನ್ನು ಮತ್ತೆ ಓಡಿಸುತ್ತದೆ. ಕೆಲಸದಿಂದ ಕೆಲಸಕ್ಕೆ ಇಡೀ ಟೇಬಲ್ ದಾಟಿಸಬೇಡಿ, ಫೈಲ್ ಎಲ್ಲಿದೆ ಅನ್ನುವ ವಿಳಾಸ ಸಾಕು.

ಮತ್ತೆ ಓಡುತ್ತದೆ ಎಂದಮೇಲೆ ಒಂದು ಶಿಸ್ತು ಬೇಕು, ನನಗೆ ಇದೇ ತಡವಾಗಿ ತಿಳಿದದ್ದು. ಅದೇ ತಾರೀಖಿಗೆ ಹತ್ತು ಸಲ ಓಡಿಸಿದರೂ ಫಲಿತಾಂಶ ಒಂದೇ ಇರಬೇಕು. ಸಾಲು ಸೇರಿಸುತ್ತ ಹೋದರೆ ಎರಡನೇ ಓಟಕ್ಕೆ ಎಲ್ಲ ಜೋಡಿಜೋಡಿ. ಆ ತಾರೀಖಿನ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆಯಿರಿ. ತಾರೀಖನ್ನೂ ಗಡಿಯಾರದಿಂದ ತಗೊಳ್ಳಬೇಡಿ, ಶೆಡ್ಯೂಲರ್ ಕೊಟ್ಟದ್ದನ್ನೇ ಬಳಸಿ.

ಇದರ ಬೆನ್ನಿಗೇ ಕ್ಯಾಚಪ್ ಇದೆ. ಏರ್‌ಫ್ಲೋ 2ರಲ್ಲಿ ಅದನ್ನು ನೀವಾಗಿ ಆಫ್ ಮಾಡದಿದ್ದರೆ, ಪ್ರಾರಂಭದ ತಾರೀಖಿನಿಂದ ಬಿಟ್ಟುಹೋದ ದಿನಗಳೆಲ್ಲ ಒಟ್ಟಿಗೇ ಓಡುತ್ತವೆ. ನಾನು ಜೂನ್ 1 ಅಂತ ಕೊಟ್ಟು ಜುಲೈನಲ್ಲಿ ಆನ್ ಮಾಡಿದೆ. ಡೇಟಾ ಪುಟ ತೋರಿಸುವುದು ಇವತ್ತಿನ ಮಟ್ಟ ಮಾತ್ರ. ಜೂನ್ ಪೂರ್ತಿ ಜುಲೈ ನೀರೇ ತುಂಬಿಕೊಂಡಿತು. ಹಳೇ ತಾರೀಖಿನ ಡೇಟಾ ಕೇಳಿದರೆ ಸಿಗುವಂತಿದ್ದರಷ್ಟೇ ಕ್ಯಾಚಪ್ ಇಡಿ.

ಏರ್‌ಫ್ಲೋ ಸಮಯವಲಯ ಡಿಫಾಲ್ಟ್ ಆಗಿ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. 8 ಅಂತ ಬರೆದರೆ ನಮಗೆ ಮಧ್ಯಾಹ್ನ 1:30.